ಓದುವ ಅಕ್ಷರ, ನೋಡುವ ಅಕ್ಷರ

ಅಕ್ಷರವಿರುವುದು ಓದುವುದಕ್ಕೆ. ಇದು ಎಷ್ಟು ಸಹಜವಾದ ಮಾತೆಂದರೆ ಯಾರೂ ಇದನ್ನು ಬಾಯಿಬಿಟ್ಟು ಹೇಳುವ ಗೋಜಿಗೆ ಹೋಗುವುದಿಲ್ಲ. ಆದರೆ ಈಚೆಗೆ ಈ ಸಹಜವಾದ ಮಾತನ್ನೇ ಅಲುಗಿಸಿ ನೋಡುವ ಒಂದು ಬಗೆಯ ಕಲೆ ದೊಡ್ಡ ನಗರಗಳಲ್ಲಿ ತಲೆಯೆತ್ತಿದೆ. ಮೂಲೆಗೆ ಬಿದ್ದಿದ್ದ ಸೀಸದ ಮೊಳೆಗಳನ್ನೂ ಮರದಲ್ಲಿ ಕೊರೆದ ದೊಡ್ಡ ಅಕ್ಷರಗಳನ್ನೂ ಹೆಕ್ಕಿ ತಂದು, ತುಕ್ಕು ಹಿಡಿದ ಕೈಯಚ್ಚಿನ ಯಂತ್ರಕ್ಕೆ ಎಣ್ಣೆ ಕುಡಿಸಿ, ದಪ್ಪನೆಯ ಕಾಗದದ ಮೇಲೆ ಅಕ್ಷರಗಳನ್ನು ಒತ್ತುತ್ತಾರೆ. ಒಂದೇ ಒಂದು 'ಳ', ಹಾಳೆಯ ತುಂಬ, ಕುಂಕುಮದ ಬಣ್ಣದಲ್ಲಿ. ಇನ್ನೊಂದರಲ್ಲಿ ಒತ್ತಕ್ಷರಗಳೆಲ್ಲ ತಮ್ಮ ತಮ್ಮ ಒಡೆಯರನ್ನು ಬಿಟ್ಟು ಬಂದು ತಂತಿಯ ಮೇಲಿನ ಹಕ್ಕಿಗಳ ಹಾಗೆ ಸಾಲಾಗಿ ಕುಳಿತಿವೆ. ಓದಹೊರಟರೆ ಅಲ್ಲಿ ಏನೂ ಇಲ್ಲ; ನೋಡಹೊರಟರೆ ಕಣ್ಣು ಕೀಳಲಾಗುವುದಿಲ್ಲ. ಅವಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಬೆಲೆ ಕೊಟ್ಟು ಕೊಳ್ಳುವವರೂ ಇದ್ದಾರೆ.

ಇದು ಅಕ್ಷರಕ್ಕೆ ಸಂದ ಮರ್ಯಾದೆಯೋ, ಅಥವಾ ದುಡಿದು ದಣಿದ ಎತ್ತಿಗೆ ಜೂಲು ಹೊದಿಸಿ ಬಂದವರಿಗೆ ತೋರಿಸಲೆಂದು ಅಂಗಳದಲ್ಲಿ ಕಟ್ಟಿದ ಹಾಗೆಯೋ? ಅಕ್ಷರ ಕಲಿಸಿಯೇ ಹೊಟ್ಟೆ ಹೊರೆಯುವ ನನ್ನಂಥವನು ಈ ಪ್ರಶ್ನೆಯನ್ನು ಸುಮ್ಮನೆ ದಾಟಿಹೋಗುವಂತಿಲ್ಲ. ಬರಿಯ ಅಭಿರುಚಿಯ ಮಾತಾಗಿದ್ದರೆ, ಬೇಕಾದವರು ತೂಗುಹಾಕಿಕೊಳ್ಳಲಿ, ಬೇಡವಾದವರು ಬಿಡಲಿ ಎಂದು ಮುಗಿಸಬಹುದಿತ್ತು. ಆದರೆ ಇದರೊಳಗೆ ನ್ಯಾಯಾನ್ಯಾಯದ ಒಂದು ಎಳೆಯೂ ಸೇರಿಕೊಂಡಿದೆಯೆಂದು ನನಗೆ ತೋರುತ್ತದೆ.

ನಮ್ಮ ಹಿಂದಿನವರಿಗೆ ಈ ಪ್ರಶ್ನೆ ತೀರ ಹೊಸದಲ್ಲ. ಪದ್ಮಬಂಧ, ಚಕ್ರಬಂಧ, ಮುರಜಬಂಧ ಎಂದು ಪದ್ಯದ ಅಕ್ಷರಗಳನ್ನು ತಾವರೆಯ ಎಸಳುಗಳಲ್ಲಿ, ಗಾಲಿಯ ಅರೆಗಳಲ್ಲಿ, ಮದ್ದಳೆಯ ಬಾರುಗಳಲ್ಲಿ ಕೂರಿಸುವ ವಿದ್ಯೆಯನ್ನು ಅವರು ಬಲ್ಲವರಾಗಿದ್ದರು. ಬಲ್ಲವರಾಗಿದ್ದೂ ಅದಕ್ಕೆ ಮೇಲಿನ ಮಣೆ ಹಾಕಲಿಲ್ಲ. ಒಂಬತ್ತನೆಯ ಶತಮಾನದ ಆನಂದವರ್ಧನನು ಚಿತ್ರವೆಂಬುದು ಕಾವ್ಯವೇ ಅಲ್ಲ, ಕಾವ್ಯದ ಅನುಕರಣ ಎಂದುಬಿಟ್ಟ. ಮುಂದೆ ಬಂದ ಮಮ್ಮಟನು ಉತ್ತಮ ಮಧ್ಯಮಗಳ ಕೆಳಗೆ ಮೂರನೆಯ ಪಂಕ್ತಿಯಲ್ಲಿ ಅದಕ್ಕೆ ಎಲೆ ಹಾಕಿದ. ಚಿತ್ರವೆಂಬ ಆ ಗುಂಪಿನಲ್ಲಿ ಬೇರೆ ಬಗೆಗಳೂ ಉಂಟು. ಬಂಧಗಳು ಬರುವುದು ಅದರಲ್ಲಿಯೇ. ಈ ಭಾಗವನ್ನು ಪಾಠ ಹೇಳುವಾಗ ನನ್ನ ವಿದ್ಯಾರ್ಥಿಗಳು ಸಾಮಾನ್ಯವಾಗಿ ಆಕಳಿಸುತ್ತಾರೆ. ಆದರೆ ಪದ್ಮಬಂಧದ ಆಕೃತಿಯನ್ನು ಹಲಗೆಯ ಮೇಲೆ ಬರೆದೆನೆಂದರೆ ಹಿಂದಿನ ಬೆಂಚಿನವರೂ ನೆಟ್ಟಗೆ ಕೂಡುತ್ತಾರೆ. ಮೀಮಾಂಸಕರ ಪಂಕ್ತಿಭೇದ ಕಣ್ಣಿಗೆ ತಿಳಿಯದು. ಆದರೂ ಒಂದು ಮಾತನ್ನು ಗಮನಿಸಬೇಕು. ತಾವರೆಯ ನಟ್ಟನಡುವೆ ಕುಳಿತ ಆ ಒಂದು ಅಕ್ಷರ ಸುತ್ತಲಿನ ಎಸಳುಗಳ ಮಾತಿಗೆಲ್ಲ ಸೇರಿ ಬರುತ್ತದೆ. ಎಷ್ಟು ತಿರುಗಿಸಿದರೂ ಅದನ್ನು ಓದಿಯೇ ತೀರಬೇಕು. ನಮ್ಮ ಬಂಧಕವಿಗಳು ಓದನ್ನು ಕಷ್ಟಪಡಿಸಿದರೇ ಹೊರತು ಬಿಟ್ಟುಕೊಡಲಿಲ್ಲ. ಗೋಡೆಯ ಮೇಲಿನ 'ಳ' ಅದನ್ನು ಪೂರ್ತಿಯಾಗಿ ಬಿಟ್ಟುಕೊಟ್ಟಿದೆ.

ಹಾಗಾದರೆ ಅಚ್ಚಿನ ಅಕ್ಷರದಲ್ಲಿ ಓದಿನ ಆಚೆಗೆ ನೋಡುವಂಥದು ಏನಾದರೂ ಇದೆಯೆ? ಇದೆಯೆಂದೇ ನನ್ನ ನಂಬಿಕೆ. ಇನ್ನೂರು ವರ್ಷಗಳಿಂದ ಅದು ನಮ್ಮ ಕಣ್ಣ ಮುಂದೆಯೇ ಇದ್ದು, ಕಣ್ಣ ಮುಂದೆಯೇ ಇದ್ದುದರಿಂದ ಕಾಣದೆ ಹೋಗಿದೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾದದ್ದು 1817ರಲ್ಲಿ, ಬಂಗಾಳದ ಶ್ರೀರಾಮಪುರದ ಮಿಶನ್ ಅಚ್ಚುಕೂಟದಲ್ಲಿ. (ನಾನಿರುವ ಊರು ಶ್ರೀರಾಮನಗರ. ಹೆಸರಿನ ಈ ಹೋಲಿಕೆಯಿಂದ ಯಾವ ಸಿದ್ಧಾಂತವನ್ನೂ ಹೊರಡಿಸುವ ಇಚ್ಛೆ ನನಗಿಲ್ಲ.) ಆ ಅಚ್ಚುಕೂಟದಲ್ಲಿ ಭಾರತದ ಲಿಪಿಗಳಿಗೆ ಉಕ್ಕಿನ ಅಚ್ಚು ಕೊರೆಯುವ ಕೆಲಸವನ್ನು ಮೊದಲು ಹಿಡಿದವನು ಪಂಚಾನನ ಕರ್ಮಕಾರ, ಅವನ ತರುವಾಯ ಅಳಿಯ ಮನೋಹರ. ಕರ್ಮಕಾರನೆಂದರೆ ನಮ್ಮ ಕಮ್ಮಾರ. ಕನ್ನಡ ಮುದ್ರಣದ ಕತೆ ಪಂಡಿತರಿಂದ ಎಷ್ಟು ಮೊದಲಾಯಿತೋ ಕುಲುಮೆಯಿಂದಲೂ ಅಷ್ಟೇ ಮೊದಲಾಯಿತು. ಇದನ್ನು ನಾವು ಮರೆಯುತ್ತೇವೆ.

1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ'ಕ್ಕೆ ಮೊಳೆಗಳೇ ಇರಲಿಲ್ಲ. ಅದು ಕಲ್ಲಚ್ಚು. ಯಾರೋ ಒಬ್ಬರು ಪುಟವನ್ನು ಕೈಯಿಂದ ಬರೆಯಬೇಕು, ಆ ಬರಹ ಕಲ್ಲಿಗೆ ಹೋಗಬೇಕು, ಕಲ್ಲಿನಿಂದ ಕಾಗದಕ್ಕೆ ಬರಬೇಕು. ಹೀಗಾಗಿ ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಓದಿದವರು ಒಬ್ಬ ಮನುಷ್ಯನ ಕೈಬರಹವನ್ನೇ ಓದಿದರು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು, ಅಲ್ಲಿ ಮೊಳೆಗಳಿದ್ದವು. ಮಂಗಳೂರಿನಿಂದ ಬಳ್ಳಾರಿಗೆ ಬರುವಷ್ಟರಲ್ಲಿ ಅಕ್ಷರ ಒಂದು ಕೈಯನ್ನು ಕಳೆದುಕೊಂಡು ಲೋಹವನ್ನು ಪಡೆಯಿತು. ಬರಹದಲ್ಲಿ ಒಂದರ ಕೈ ಹಿಡಿದು ಒಂದು ನಡೆಯುತ್ತಿದ್ದ ಅಕ್ಷರಗಳು ಮೊಳೆಯಲ್ಲಿ ಬಿಡಿಬಿಡಿಯಾಗಿ, ಒಂದೊಂದೂ ತನ್ನ ಪೀಠದ ಮೇಲೆ ನಿಂತವು. ಶಾಸನಗಳಲ್ಲಿ ನೇರವಾಗಿ ಕೆಳಗೆ ಇಳಿಬೀಳುತ್ತಿದ್ದ ಒತ್ತಕ್ಷರ ಮಗ್ಗುಲಿಗೆ ಸರಿದು ಕುಳಿತುಕೊಂಡಿತು. ಇಂದು ಫೋನಿನ ಗಾಜಿನ ಮೇಲೆ ಕನ್ನಡ ಓದುವ ಹುಡುಗನೂ ನೋಡುತ್ತಿರುವುದು ಬಹುಮಟ್ಟಿಗೆ ಆ ಸೀಸದ ನೆರಳನ್ನೇ. ಲೋಹದ ಅನುಕೂಲಕ್ಕೆ ಬಗ್ಗಿದ ರೂಪವೇ ನಮಗೆ ಕನ್ನಡದ ಸಹಜರೂಪವಾಗಿಬಿಟ್ಟಿದೆ.

ಇಂಗ್ಲಿಷಿನ ಮೊಳೆ ಜೋಡಿಸುವವನಿಗೆ ಇಪ್ಪತ್ತಾರು ಅಕ್ಷರಗಳ ದೊಡ್ಡ ಸಣ್ಣ ಎರಡು ಬಗೆ, ಮೇಲೊಂದಿಷ್ಟು ಅಂಕಿ ಚಿಹ್ನೆಗಳಾದರೆ ಕೆಲಸ ಸಾಗಿತು. ಕನ್ನಡದ ಕಂಪೋಸಿಟರನ ಎದುರಿಗೆ ನೂರಾರು ಖಾನೆಗಳು. ಗುಣಿತ ಬೇರೆ, ಒತ್ತು ಬೇರೆ, ಅರ್ಕಾವತ್ತು ಬೇರೆ, ದೀರ್ಘದ ಗುರುತು ಬೇರೆ. 'ಸ್ತ್ರೀ' ಎಂಬ ಒಂದು ಅಕ್ಷರಕ್ಕೆ ಮೂರು ನಾಲ್ಕು ತುಂಡು ಲೋಹ ಹುಡುಕಬೇಕು. ಲಿಪಿಸುಧಾರಣೆ ಬೇಕೆಂದು ಹಿಂದೊಮ್ಮೆ ಎದ್ದ ಗದ್ದಲದ ಹಿಂದೆ ಇದ್ದದ್ದು ಬಹುಪಾಲು ಈ ಮೊಳೆಯ ಕಷ್ಟವೇ. ವಿದ್ವಾಂಸರು ವೇದಿಕೆಯ ಮೇಲೆ ವಾದಿಸುತ್ತಿರುವಾಗ ಕಂಪೋಸಿಟರನು ಕಣ್ಣಿನ ಸಹಾಯವಿಲ್ಲದೆಯೇ ಖಾನೆಯಿಂದ ಖಾನೆಗೆ ಕೈಯಾಡಿಸುತ್ತ ಅದೇ ಲಿಪಿಯಲ್ಲಿ ದಿನಕ್ಕಿಷ್ಟು ಪುಟ ಜೋಡಿಸಿ ಮನೆಗೆ ಹೋಗುತ್ತಿದ್ದ.

ಅವನ ವಿದ್ಯೆಯಲ್ಲಿ ನಮ್ಮ ಪ್ರಶ್ನೆಗೆ ನೇರವಾಗಿ ತಾಕುವ ಒಂದು ಸಂಗತಿಯಿದೆ. ಮೊಳೆಯ ಮೇಲಿನ ಅಕ್ಷರ ಕನ್ನಡಿಯೊಳಗಿನ ಅಕ್ಷರದ ಹಾಗೆ ಅದಲುಬದಲು. ಅದನ್ನು ಅವನು ಸ್ಟಿಕ್ಕಿನಲ್ಲಿ ತಲೆಕೆಳಗಾಗಿ ಜೋಡಿಸುತ್ತಾನೆ. ತಲೆಕೆಳಗಾಗಿಯೇ, ಎಡದಿಂದ ಬಲಕ್ಕೆ ಓದುತ್ತಾನೆ. ನಾವು ಅವನ ಹೆಗಲ ಮೇಲಿಂದ ಬಗ್ಗಿ ನೋಡಿದರೆ ನಮಗೆ ಅಲ್ಲಿ ಕಾಣುವುದು ಬರಿಯ ಆಕೃತಿ: ಕೊಂಕು, ಕೊಕ್ಕೆ, ಸುಳಿ, ಬೊಟ್ಟು. ಅವನಿಗೆ ಅದೇ ವಾಕ್ಯ. 'ಪ'ವೋ 'ಷ'ವೋ, 'ಘ'ವೋ 'ಫ'ವೋ ಎಂದು ರೂಪವನ್ನು ರೂಪವಾಗಿಯೇ ನೋಡದಿದ್ದರೆ ಅವನ ಓದು ತಪ್ಪುತ್ತದೆ. ವಾಕ್ಯವಾಗಿ ಓದದಿದ್ದರೆ ಜೋಡಣೆ ತಪ್ಪುತ್ತದೆ. ಓದುವುದು ಬೇರೆ, ನೋಡುವುದು ಬೇರೆ ಎಂದು ನಾವು ಕುಳಿತು ಗೆರೆ ಎಳೆಯುತ್ತಿರುವಾಗ ಆ ಗೆರೆಯ ಮೇಲೆಯೇ ನಿಂತು ಸಂಬಳಕ್ಕೆ ದುಡಿದವನು ಅವನು. ಗೋಡೆಯ ಮೇಲಿನ 'ಳ'ವನ್ನು ಕಂಡು ನಾಗರಿಕನಿಗೆ ಆಗುವ ಬೆರಗು ಆ ಮನುಷ್ಯನಿಗೆ ಇಪ್ಪತ್ತನೆಯ ವಯಸ್ಸಿನಲ್ಲಿಯೇ ಆಗಿ ಮುಗಿದಿರುತ್ತದೆ.

ನಮ್ಮ ಊರಿನಲ್ಲಿ ಓದು ನೋಟಗಳ ಈ ಗಡಿ ಬೇರೊಂದು ರೀತಿಯಲ್ಲಿ ಕಾಣಸಿಗುತ್ತದೆ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಆಗಿ ಎಡದಂಡೆಯ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದ ರೈತರು ಗಂಗಾವತಿಯ ಸುತ್ತ ಕ್ಯಾಂಪುಗಳನ್ನು ಕಟ್ಟಿಕೊಂಡು ಭತ್ತ ಬೆಳೆದರು. ಇಲ್ಲಿನ ಗೋಡೆಗಳ ಮೇಲೆ, ಲಗ್ನಪತ್ರಿಕೆಗಳಲ್ಲಿ ಕನ್ನಡವೂ ತೆಲುಗೂ ಅಕ್ಕಪಕ್ಕದಲ್ಲಿ ಇರುತ್ತವೆ. ಬ, ಲ, ಜ, ಣಗಳು ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ. ಉಳಿದ ಎಷ್ಟೋ ಕಡೆ ಭೇದವಿರುವುದು ತಲೆಕಟ್ಟಿನಲ್ಲಿ ಮಾತ್ರ: ಕನ್ನಡದ್ದು ಅಡ್ಡಲಾಗಿ ಮಲಗಿದೆ, ತೆಲುಗಿನದು ಗರಿ ಎತ್ತಿ ನಿಂತಿದೆ. ತೆಲುಗು ಕಲಿಯದ ನನ್ನಂಥವನು ಆ ಸಾಲನ್ನು ಅರ್ಧ ಓದುತ್ತಾನೆ, ಅರ್ಧ ನೋಡುತ್ತಾನೆ. ಎಲ್ಲಿ ಓದು ನಿಂತು ನೋಟ ಮೊದಲಾಯಿತೆಂದು ಹೇಳಲಾರ. ಹೀಗೆ ಅರೆಬರೆ ಓದುವ ಹೊತ್ತಿನಲ್ಲಿಯೇ ಅಕ್ಷರದ ಚೆಲುವು ಹೆಚ್ಚಾಗಿ ಕಾಣುತ್ತದೆಂಬುದು ನನ್ನ ಅನುಭವ. ಪೂರ್ತಿ ಬಲ್ಲ ಅಕ್ಷರವನ್ನು ಕಣ್ಣು ತುಳಿದುಕೊಂಡು ಹೋಗುತ್ತದೆ.

ಇಷ್ಟರಮಟ್ಟಿಗೆ ನಾನು ಕಲಾವಿದನ ಪಕ್ಷದಲ್ಲಿದ್ದೇನೆ. ಆದರೆ ಇದೇ ಸೀಮೆಯ ಇನ್ನೊಂದು ನೆನಪು ನನ್ನನ್ನು ತಡೆದು ನಿಲ್ಲಿಸುತ್ತದೆ.

1948ರವರೆಗೆ ನಮ್ಮ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತು. ಕೊಪ್ಪಳ ಸಾಲಾರ್ ಜಂಗರ ಜಹಗೀರಿ. ಕಚೇರಿಯ ಭಾಷೆ ಉರ್ದು. ಉರ್ದುವಿನ ನಸ್ತಾಲೀಕ್ ಬರಹ ಮೊಳೆಗೆ ಸುಲಭವಾಗಿ ಒಗ್ಗುವಂಥದಲ್ಲ. ಬಹುಕಾಲ ಅದು ಕಾತಿಬನ ಕೈಬರಹವಾಗಿಯೇ ಕಲ್ಲಚ್ಚಿಗೆ ಹೋಗುತ್ತಿತ್ತು. ಕಣ್ಣಿಗೆ ಅದಕ್ಕಿಂತ ಚೆಲುವಾದ ಬರಹ ಭೂಮಿಯ ಮೇಲೆ ಹೆಚ್ಚಿಲ್ಲ: ಮೇಲಿನಿಂದ ಕೆಳಕ್ಕೆ ಬಳ್ಳಿಯಂತೆ ಇಳಿದು ಬರುವ ಸಾಲು, ಹೂ ಚೆಲ್ಲಿದಂತೆ ಬಿಂದುಗಳು. ತನ್ನ ಹೊಲದ ಕಾಗದವನ್ನು ಕೈಯಲ್ಲಿ ಹಿಡಿದು ಕಚೇರಿಯ ಕಟ್ಟೆಯ ಮೇಲೆ ಕುಳಿತ ಕನ್ನಡದ ಒಕ್ಕಲಿಗ ಆ ಬಳ್ಳಿಯನ್ನು ನೋಡಿದ. ನೋಡಿದ, ಅಷ್ಟೆ. ಅದರಲ್ಲಿ ಬರೆದದ್ದು ಅವನ ಹೆಸರೋ, ಅವನ ಹೊಲವನ್ನು ಕೊಂಡವನ ಹೆಸರೋ ಅವನಿಗೆ ತಿಳಿಯದು. ಅರ್ಥದ ಸೋಂಕಿಲ್ಲದೆ, ರೂಪವನ್ನು ಬರಿಯ ರೂಪವೆಂದೇ ನೋಡಬೇಕೆಂದು ಹೇಳುವ ಕಲಾಶಾಸ್ತ್ರಕ್ಕೆ ಅವನಿಗಿಂತ ಶುದ್ಧನಾದ ಪ್ರೇಕ್ಷಕ ಎಲ್ಲಿ ಸಿಕ್ಕಾನು? ನೋಡಿ ಮುಗಿಸಿದ ಮೇಲೆ ಅವನು ಹೆಬ್ಬೆಟ್ಟಿಗೆ ಮಸಿ ಬಳಿಸಿಕೊಂಡು ಕೆಳಗೆ ಒತ್ತಿದ. ಉಬ್ಬಿದ ಗೆರೆಗೆ ಮಸಿ ಹಚ್ಚಿ ಕಾಗದಕ್ಕೆ ಒತ್ತುವುದೇ ಮುದ್ರಣವಾದರೆ, ಅವನ ಬಾಳಿನಲ್ಲಿ ಅವನು ಮಾಡಿದ ಮುದ್ರಣ ಅದೊಂದೇ.

ಇದು ಉರ್ದುವಿನ ಮೇಲಿನ ದೂರಲ್ಲ. ಕಾಗದ ಕನ್ನಡದಲ್ಲಿಯೇ ಇದ್ದರೂ ಅಕ್ಷರ ಬಾರದವನಿಗೆ ಅದೂ ಬಳ್ಳಿಯೇ ಆಗುತ್ತಿತ್ತು. ಅಕ್ಷರವನ್ನು ಬರಿದೆ ನೋಡುವುದು ಓದಬಲ್ಲವನಿಗೆ ಒಂದು ಸೊಗಸು, ಓದಲಾರದವನಿಗೆ ಅದೇ ಒಂದು ಶಿಕ್ಷೆ. ಅವನ ತಲೆಯ ಮೇಲೆ ಹೇರಿದ್ದನ್ನು ನಾವು ಚೌಕಟ್ಟಿನೊಳಗೆ ಇಟ್ಟು ಆನಂದಿಸುತ್ತಿದ್ದೇವೆಂಬ ಅಳುಕು ಸ್ವಲ್ಪವಾದರೂ ಇರಬೇಕೋ ಬೇಡವೋ?

ಕೊಪ್ಪಳದ ಗವಿಮಠದ ಬೆಟ್ಟವನ್ನು ಹತ್ತಿದವರು ಬಂಡೆಯ ಮೇಲಿನ ಅಶೋಕನ ಶಾಸನವನ್ನು ನೋಡಿರಬಹುದು. ಪಾಲ್ಕಿಗುಂಡಿನಲ್ಲಿ ಇನ್ನೊಂದಿದೆ. ಬ್ರಾಹ್ಮೀ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ ಓದಿದ್ದು 1837ರಲ್ಲಿ. ಕೊಪ್ಪಳದ ಈ ಎರಡು ಶಾಸನಗಳು ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1931ರಲ್ಲಿ. ಅಲ್ಲಿಯ ತನಕ ಎಷ್ಟೋ ನೂರು ವರ್ಷ ಆ ಅಕ್ಷರಗಳಿಗೆ ಓದುಗರಿರಲಿಲ್ಲ. ಕುರಿ ಕಾಯುವವರು ನೋಡಿದರು, ಯಾತ್ರಿಕರು ನೋಡಿದರು. ಕವಿರಾಜಮಾರ್ಗಕಾರ ತಿರುಳ್ಗನ್ನಡದ ಎಲ್ಲೆಯಲ್ಲಿ ಹೆಸರಿಸಿದ ಕೊಪಣ ಇದೇ ಊರು. ಆ ಕನ್ನಡ ಬಲ್ಲ ಪಂಡಿತರೂ ನೋಡಿ ಮುಂದೆ ಹೋಗಿರಬೇಕು. ಅಲ್ಲಿ ಬರೆದಿರುವುದಾದರೂ ಏನು? ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಮೇಲಾದ ಗತಿ ಸಿಕ್ಕೀತು ಎಂಬ ಅಭಿಪ್ರಾಯದ ಮಾತು. ಸಣ್ಣವರನ್ನು ಉದ್ದೇಶಿಸಿ ಹೇಳಿದ ಆ ಮಾತಿನ ಮೇಲೆಯೇ ಕುಳಿತು ಸಣ್ಣವರು ಬುತ್ತಿ ಬಿಚ್ಚಿ ಉಂಡು ಎದ್ದುಹೋದರು. ಓದಲಾಗದ ಬರಹ ನಮ್ಮ ಹಳ್ಳಿಗಳಲ್ಲಿ ಇನ್ನೇನಾಗುತ್ತದೆಂದು ಎಲ್ಲರಿಗೂ ಗೊತ್ತು: ನಿಧಿಯ ಗುರುತಾಗುತ್ತದೆ. ರಾತ್ರಿ ಹಾರೆ ಹಿಡಿದು ಬಂದು ಶಾಸನದ ಬುಡ ಅಗೆಯುವವರು ಅಕ್ಷರವನ್ನು ಹಗುರಾಗಿ 'ನೋಡಿದವರಲ್ಲ'. ತೀರ ಭಕ್ತಿಯಿಂದಲೇ ನೋಡಿದವರು.

ಇದಕ್ಕೆ ಕಲಾವಿದನ ಕಡೆಯಿಂದ ಉತ್ತರವಿಲ್ಲವೆಂದಲ್ಲ. ನನಗೆ ತಿಳಿದ ಮಟ್ಟಿಗೆ ಅತ್ಯಂತ ಗಟ್ಟಿಯಾದ ಉತ್ತರವನ್ನು ಕೊಟ್ಟವನು ಹಾಲೆಂಡಿನ ಗ್ರೋನಿಂಗನ್ ಪಟ್ಟಣದ ಹೆಂಡ್ರಿಕ್ ವೆರ್ಕ್‌ಮನ್ ಎಂಬ ಮುದ್ರಕ. 1882ರಲ್ಲಿ ಹುಟ್ಟಿದ ಈತನದು ಮೊದಲು ದೊಡ್ಡ ಅಚ್ಚುಕೂಟ. ಅದು 1923ರ ಹೊತ್ತಿಗೆ ಮುಳುಗಿತು. ಉಳಿದ ಮೊಳೆಗಳನ್ನೂ ಒಂದು ಕೈಯಚ್ಚಿನ ಯಂತ್ರವನ್ನೂ ಉಗ್ರಾಣವೊಂದರ ಅಟ್ಟಕ್ಕೆ ಸಾಗಿಸಿ, ಹೊಟ್ಟೆಪಾಡಿನ ಸಣ್ಣಪುಟ್ಟ ಕೆಲಸದ ನಡುವೆ ಅವನು ಅಕ್ಷರಗಳಿಂದ ಚಿತ್ರ ಮಾಡಹತ್ತಿದ. ಮೊಳೆಯ ಮುಖವನ್ನು ಮಾತ್ರವಲ್ಲ, ಅಡಿಯನ್ನೂ ಒತ್ತಿದ. ಬಾಗಿಲ ಬೀಗದ ತಗಡಿಗೂ ಮಸಿ ಹಚ್ಚಿ ಒತ್ತಿದ. 'ದ ನೆಕ್ಸ್ಟ್ ಕಾಲ್' ಎಂಬ ತನ್ನ ಪುಟ್ಟ ಪತ್ರಿಕೆಯ ಒಂಬತ್ತು ಸಂಚಿಕೆಗಳನ್ನು 1923ರಿಂದ 1926ರ ತನಕ ಹೀಗೆ ತಂದ. ಊರವರಿಗೆ ಇದು ಕೆಲಸ ಕೆಟ್ಟವನ ಆಟವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ 1940ರಲ್ಲಿ ಜರ್ಮನರು ಬಂದು ದೇಶವನ್ನು ಹಿಡಿದಾಗ ಅದೇ ಅಟ್ಟದಿಂದ, ಅದೇ ಮೊಳೆಗಳಿಂದ, 'ನೀಲಿ ದೋಣಿ' ಎಂಬರ್ಥದ ಮಾಲೆಯೊಂದು ಗುಟ್ಟಾಗಿ ಹೊರಬಂತು. ಯಹೂದ್ಯರನ್ನು ಬೇಟೆಯಾಡುತ್ತಿದ್ದ ಆ ದಿನಗಳಲ್ಲಿ ಯಹೂದ್ಯರ ಹಸಿದೀ ಸಂತರ ಕತೆಗಳಿಗೆ ಅವನು ಬಣ್ಣದ ಅಚ್ಚುಚಿತ್ರಗಳನ್ನು ಮಾಡಿದ. 1945ರ ಮಾರ್ಚ್ ತಿಂಗಳಲ್ಲಿ ಅವನನ್ನು ಹಿಡಿದರು. ಏಪ್ರಿಲ್ 10ರಂದು ಇನ್ನೂ ಒಂಬತ್ತು ಮಂದಿಯೊಡನೆ ಗುಂಡಿಟ್ಟು ಕೊಂದರು. ಒಂದು ವಾರ ಕಳೆಯುವುದರೊಳಗೆ ಗ್ರೋನಿಂಗನ್ ಬಿಡುಗಡೆಯಾಯಿತು. ಹಿಡಿದೊಯ್ದಾಗ ಜಪ್ತಿ ಮಾಡಿದ್ದ ಅವನ ಕೃತಿಗಳಲ್ಲಿ ಹಲವು ಆ ಕಾಳಗದ ಬೆಂಕಿಯಲ್ಲಿ ಸುಟ್ಟುಹೋದವು.

ಓದಿಗಲ್ಲದೆ ಒತ್ತಿದ ಅಕ್ಷರ ಹೊಣೆಗೇಡಿಯೆಂದು ವೆರ್ಕ್‌ಮನ್ನನ ಮುಂದೆ ಹೇಳಲು ನನಗೆ ನಾಲಗೆ ಬಾರದು. ಆದರೆ ಅವನು ಅಕ್ಷರವನ್ನು ಚಿತ್ರವಾಗಿಸಿದ್ದು ದೂರದಲ್ಲಿ ನಿಂತು ಅಲ್ಲ. ಅವನು ಮುದ್ರಕ. ಬಿಲ್ಲು, ಕರಪತ್ರ, ಲಗ್ನಪತ್ರಿಕೆಗಳಲ್ಲಿ ಸವೆದ ಕೈ ಅದು. ಮೊಳೆ ಅವನಿಗೆ ಸಿಕ್ಕಿದ ವಸ್ತುವಲ್ಲ, ಉಳಿದ ವಸ್ತು.

ಇಲ್ಲಿಗೆ ಬಂದ ಮೇಲೆ ಇನ್ನೊಬ್ಬನ ಮಾತೂ ನೆನಪಾಗುತ್ತದೆ. ಲಂಡನ್ನಿನ ಕಾಬ್ಡನ್-ಸ್ಯಾಂಡರ್ಸನ್ 1900ರಲ್ಲಿ ಎಮರಿ ವಾಕರನ ಜೊತೆಗೂಡಿ ಡವ್ಸ್ ಅಚ್ಚುಕೂಟವನ್ನು ತೆರೆದ. ಅವರು ಮಾಡಿಸಿದ ಮೊಳೆಯ ಚೆಲುವನ್ನು ಬಲ್ಲವರು ಇಂದಿಗೂ ಹೊಗಳುತ್ತಾರೆ. ಪಾಲುದಾರಿಕೆ ಮುರಿಯಿತು, ಕಾಬ್ಡನ್-ಸ್ಯಾಂಡರ್ಸನ್ನನ ಕಾಲಾನಂತರ ಮೊಳೆಗಳು ವಾಕರನಿಗೆ ಸೇರಬೇಕೆಂದು ಒಪ್ಪಂದವಾಯಿತು. ಅದನ್ನು ಸಹಿಸಲಾರದೆ ಎಪ್ಪತ್ತೈದು ದಾಟಿದ ಆ ಮುದುಕ 1916ರ ಆಗಸ್ಟಿನಿಂದ 1917ರ ಜನವರಿಯವರೆಗೆ ರಾತ್ರಿಯ ಹೊತ್ತು ಹ್ಯಾಮರ್‌ಸ್ಮಿತ್ ಸೇತುವೆಗೆ ಹೋಗಿ, ಟನ್ನಿಗೂ ಹೆಚ್ಚು ತೂಕದ ಮೊಳೆಗಳನ್ನು ಸ್ವಲ್ಪಸ್ವಲ್ಪವಾಗಿ ಥೇಮ್ಸ್ ನದಿಗೆ ಸುರಿದುಬಿಟ್ಟ. 2014ರಲ್ಲಿ ಮುಳುಗುಗಾರರು ನೂರೈವತ್ತರಷ್ಟು ಮೊಳೆಗಳನ್ನು ಮೇಲೆತ್ತಿದರು. ಈ ಕತೆಯನ್ನು ಕಲಾವಿದನ ಉನ್ನತ ನಿಷ್ಠೆಯೆಂದು ಕೊಂಡಾಡುವವರುಂಟು. ನನಗೆ ಇದರಲ್ಲಿ ನಿಷ್ಠೆಗಿಂತ ಹೊಟ್ಟೆಕಿಚ್ಚೇ ಹೆಚ್ಚಾಗಿ ಕಾಣುತ್ತದೆ. ಮೊಳೆಯ ಧರ್ಮವೇ ಬೇರೆ. ಅಚ್ಚಾದ ಫಾರ್ಮನ್ನು ಬಿಚ್ಚಿ, ತೊಳೆದು, ಒಂದೊಂದು ಅಕ್ಷರವನ್ನೂ ಮತ್ತೆ ಅದರದರ ಖಾನೆಗೆ ಹಾಕುತ್ತಾರೆ. ನಿನ್ನೆ ಲಗ್ನಪತ್ರಿಕೆಯಲ್ಲಿ ವಧುವಿನ ಹೆಸರಿಗೆ ಬಂದ 'ಶ' ಇಂದು ಶಿವಗಣಾರಾಧನೆಯ ಕಾರ್ಡಿಗೆ ಬರುತ್ತದೆ, ನಾಳೆ ದಲಾಲಿ ಅಂಗಡಿಯ ಬಿಲ್ಲಿಗೆ. ಯಾರ ಮಾತಿಗೂ ಅದು ಶಾಶ್ವತವಾಗಿ ಅಂಟಿಕೊಳ್ಳುವುದಿಲ್ಲ. ಅಂಥದನ್ನು ನನ್ನದು, ನನ್ನ ಹಿಂದೆ ಯಾರಿಗೂ ಬೇಡ ಎನ್ನುವವನು ಎಷ್ಟು ಚೆಲುವಾದ ಪುಸ್ತಕ ಮಾಡಿದ್ದರೂ ಮೊಳೆಯನ್ನು ಅರಿತವನಲ್ಲ.

ನಮ್ಮ ಭಾಗದ ಒಂದು ಊರಿನಲ್ಲಿ ಕೆಲವು ವರ್ಷಗಳ ಹಿಂದೆ ಒಂದು ಅಚ್ಚುಕೂಟ ಮುಚ್ಚಿತು. ಗಣಕಯಂತ್ರ, ಆಫ್‌ಸೆಟ್ ಬಂದ ಮೇಲೆ ಅದು ಹೇಗೋ ಇಷ್ಟು ದಿನ ಉಸಿರು ಹಿಡಿದಿತ್ತು. ಸೀಸದ ಮೊಳೆಗಳನ್ನೆಲ್ಲ ಗುಜರಿಯವನು ಕಿಲೋ ಲೆಕ್ಕದಲ್ಲಿ ತೂಗಿ ಒಯ್ದ. ಸೀಸ, ತವರ, ಆಂಟಿಮನಿ ಬೆರೆತ ಆ ಲೋಹ ಕರಗಿ ಯಾವುದೋ ಬ್ಯಾಟರಿಯ ಫಲಕವಾಗಿರಬೇಕು. ಕ್ಷರವಲ್ಲದ್ದು ಅಕ್ಷರವೆಂದು ನಿರುಕ್ತಿ ಹೇಳುವ ಕಸುಬಿನವನಾದ ನಾನು ಆ ತಕ್ಕಡಿಯ ಮುಂದೆ ಸುಮ್ಮನೆ ನಿಂತಿದ್ದೆ. ನಾಟಕದ ಕಂಪನಿಗಳ ದೊಡ್ಡ ಹ್ಯಾಂಡ್‌ಬಿಲ್ಲುಗಳಿಗೆ ಬಳಸುತ್ತಿದ್ದ ಮರದ ಅಕ್ಷರಗಳು ಮಾತ್ರ ಗುಜರಿಗೆ ಬೇಡವಾದವು. ಅವನ್ನು ನಗರದಿಂದ ಬಂದ ಕಲಾವಿದರೊಬ್ಬರು ಒಳ್ಳೆಯ ಬೆಲೆ ಕೊಟ್ಟು ಕೊಂಡರು. ಅವರನ್ನು ಹಳಿಯುವ ಹಕ್ಕು ನಮ್ಮ ಊರುಗಳ ಯಾರಿಗೂ ಇಲ್ಲ. ನಾವು ಒಲೆಗೆ ಹಾಕುತ್ತಿದ್ದುದನ್ನು ಅವರು ಎತ್ತಿ ಒರೆಸಿ ಇಟ್ಟುಕೊಂಡರು.

ನನ್ನ ತಕರಾರು ಬೇರೆ. ಕನ್ನಡ ನಾಡಿನ ಎಷ್ಟೋ ಶಾಸನಗಳ ಕೊನೆಯಲ್ಲಿ ಪದ್ಯ ರಚಿಸಿದ ಕವಿಯ ಹೆಸರಿರುತ್ತದೆ. ಅದನ್ನು ಬರೆದವನ ಹೆಸರು, ಕಲ್ಲಿನಲ್ಲಿ ಕಂಡರಿಸಿದ ರೂವಾರಿಯ ಹೆಸರೂ ಇರುತ್ತದೆ. ಮೂವರೂ ಒಂದೇ ಕಲ್ಲಿನ ಮೇಲೆ. ಅಚ್ಚಿನ ಯುಗ ಬಂದು ಕವಿಯನ್ನು ಉಳಿಸಿಕೊಂಡಿತು, ಉಳಿದಿಬ್ಬರನ್ನು ಕೈಬಿಟ್ಟಿತು. ಪುಸ್ತಕದ ಮೇಲೆ ಮುದ್ರಕರ ಹೆಸರಿರುತ್ತದಲ್ಲ ಎನ್ನಬಹುದು. ಅದನ್ನು ಹಾಕಿಸಿದ್ದು 1867ರ ಕಾನೂನು. ಮರ್ಯಾದೆಗಾಗಿ ಅಲ್ಲ, ರಾಜದ್ರೋಹ ಕಂಡರೆ ಯಾರನ್ನು ಹಿಡಿಯಬೇಕೆಂದು ಸರಕಾರಕ್ಕೆ ತಿಳಿದಿರಲೆಂದು. ಆ ಹೆಸರಾದರೂ ಯಂತ್ರದ ಮಾಲಿಕನದು. ಮೊಳೆ ಜೋಡಿಸಿದವನದನ್ನು ನಾನು ಕನ್ನಡದ ಯಾವ ಪುಸ್ತಕದಲ್ಲಿಯೂ ಕಾಣೆ. ಅಚ್ಚಿನ ಅಕ್ಷರ ಓದಿಗಾಗಿ ಇರುವಷ್ಟು ಕಾಲ ಇದಕ್ಕೆ ಒಂದು ನೆಪವಿತ್ತು. ಮುದ್ರಣವೆಂಬುದು ಪಾನಕದ ಗಾಜಿನ ಲೋಟದ ಹಾಗೆ, ಒಳಗಿನದು ಕಾಣಬೇಕೇ ಹೊರತು ಲೋಟವಲ್ಲ ಎಂಬರ್ಥದ ವಾದವನ್ನು ಬಿಯಾಟ್ರಿಸ್ ವಾರ್ಡ್ ಎಂಬಾಕೆ 1930ರಲ್ಲಿ ದ್ರಾಕ್ಷಾರಸದ ಉಪಮೆಯಿಟ್ಟು ಮಂಡಿಸಿದಳು. ಕಂಪೋಸಿಟರನ ಕೌಶಲ ಕಾಣದಿರುವುದೇ ಅದರ ಹೆಚ್ಚಳವೆಂದು ಆಗ ಒಪ್ಪಬಹುದಿತ್ತು. ಈಗ ಲೋಟವೇ ಗೋಡೆಗೇರಿದೆ. ಕಾಣುವುದಕ್ಕಾಗಿಯೇ ಅಕ್ಷರವನ್ನು ನಿಲ್ಲಿಸಿದ ಮೇಲೆಯೂ, ಆ ಅಕ್ಷರವನ್ನು ಕೊರೆದವನು, ನಾಲ್ವತ್ತು ವರ್ಷ ಎತ್ತಿ ಇಳಿಸಿ ಅದರ ಅಂಚನ್ನು ಸವೆಸಿದವನು ಕಾಣದೆಯೇ ಇರಬೇಕೆಂದರೆ ಅದು ಯಾವ ನ್ಯಾಯ? ಆ ಸವೆತವನ್ನೇ ತಾನೆ ನಾವು ಈಗ ಚೆಲುವೆಂದು ಕೊಳ್ಳುತ್ತಿರುವುದು?

ಆ ಕಲಾವಿದರು ದೊಡ್ಡ ಮನಸ್ಸಿನವರು. ಮುಂದೆ ಒಂದು ಅಚ್ಚುಚಿತ್ರವನ್ನು ನನಗೆ ಕಳಿಸಿಕೊಟ್ಟರು: ಮೊದಲು ಹೇಳಿದ 'ಳ'. ಅದನ್ನು ಒಂದು ಸಂಜೆ ಆ ಅಚ್ಚುಕೂಟದಲ್ಲಿ ಬಹುಕಾಲ ಮೊಳೆ ಜೋಡಿಸಿದ ಹಿರಿಯರ ಮನೆಗೆ ಒಯ್ದೆ. ಕನ್ನಡಕ ಏರಿಸಿಕೊಂಡು ಹಾಳೆಯನ್ನು ದೀಪದ ಕಡೆಗೆ ಓರೆಯಾಗಿ ಹಿಡಿದರು. ಮುಂದಿನ ಮುಖವನ್ನು ನೋಡಿದ್ದು ಕ್ಷಣ ಮಾತ್ರ. ಹಾಳೆಯನ್ನು ಮಗುಚಿ ಬೆನ್ನ ಮೇಲೆ ಬೆರಳಾಡಿಸಿದರು. ಈಗಿನವರಿಗೆ ಅಕ್ಷರ ಕಾಗದದೊಳಗೆ ಆಳವಾಗಿ ಇಳಿದಷ್ಟೂ ಮೆಚ್ಚು, ಮುಟ್ಟಿದರೆ ತಗ್ಗು ಸಿಗಬೇಕು. ಹಳೆಯ ಅಚ್ಚುಕೂಟಗಳಲ್ಲಿ ಅದೇ ದೋಷ.

"ಇಂಪ್ರೆಶನ್ ಭಾಳ ಬಿದ್ದೇತಲ್ರೀ ಸರ," ಎಂದರು. "ಹಿಂದ ಮೂಡೇತಿ ನೋಡ್ರಿ. ನಮ್ಮ ಸಾವ್ಕಾರ ಕಂಡಿದ್ರ ಆ ದಿನದ ಪಗಾರ ಹಿಡೀತಿದ್ರು."

ಇದು ಬೇಕೆಂದೇ ಮಾಡಿದ್ದು, ಕಾಕಾ, ಇದೊಂದು ಕಲೆ ಎಂದು ನಾನು ವಿವರಿಸಿದೆ. ತಲೆಯಾಡಿಸುತ್ತ ಕೇಳಿದರು. ಹಾಳೆಯನ್ನು ಮತ್ತೆ ಮುಂದಕ್ಕೆ ತಿರುಗಿಸಿ 'ಳ'ದ ಹೊಟ್ಟೆಯ ತಿರುವನ್ನು ಉಗುರಿನಿಂದ ಹಿಂಬಾಲಿಸಿದರು. ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದ ರುಜುವಿನ ಮೇಲೆ ಬೆರಳಿಟ್ಟು ಇದು ಯಾರದೆಂದು ಕೇಳಿದರು. ಹೇಳಿದೆ.

"ಛಲೋ ಆತು," ಎಂದು ಹಾಳೆಯನ್ನು ಅಂಚು ಮುದುರದಂತೆ ಎರಡೂ ಕೈಯಿಂದ ನನಗೆ ಹಿಂದಿರುಗಿಸಿ, ಒಳಗೆ ಮುಖ ಮಾಡಿ ಚಹಾಕ್ಕೆ ಹೇಳಿದರು.